ಕಡಲೆಕಾಳಿನಷ್ಟು ಗಾಯ, ತಿಂಗಳ ರಜೆ

ಹಾನಗಲ್ಲಿನ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿಯೊಬ್ಬರನ್ನು ಓದುಗರು ಕ್ಷಣಕಾಲ ಕಲ್ಪಿಸಿಕೊಳ್ಳಲಿ. ವಯಸ್ಸು ನಲವತ್ತನಾಲ್ಕು. ಎತ್ತರ 157 ಸೆಂಟಿಮೀಟರು. ತೂಕ 102 ಕಿಲೋ. ಹತ್ತು ವರ್ಷಗಳಿಂದ ಜೊತೆಬಿಡದ ಸಕ್ಕರೆ ಕಾಯಿಲೆ. ಶಾಲೆಯ ನಾಲ್ಕು ಮೆಟ್ಟಿಲು ಹತ್ತಲು ಕಂಬ ಹಿಡಿಯಬೇಕಾದಂಥ ಮೊಣಕಾಲು ನೋವು. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ಬೆಚ್ಚಿ ಏಳುವ ಸಂಕಟ. ಮೆಂತ್ಯದ ನೀರು, ವಾರದ ಉಪವಾಸಗಳು, ಬೆಳಗಿನ ನಡಿಗೆ, ಅವರಿವರು ಹೇಳಿದ ಪಥ್ಯಗಳು ಎಲ್ಲವೂ ಆದವು. ಇಳಿದ ಐದು ಕಿಲೋ ಏಳಾಗಿ ಮರಳಿ ಬಂದಿತು. ಕೊನೆಗೆ ವೈದ್ಯರ ಸಲಹೆಯಂತೆ ಹುಬ್ಬಳ್ಳಿಯಲ್ಲಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ನಡೆಯಿತು. ಮೂರನೆಯ ದಿನ ಆಸ್ಪತ್ರೆಯಿಂದ ಬಿಡುಗಡೆ. ಹತ್ತನೆಯ ದಿನ ಅಂಗಳದಲ್ಲಿ ಮೆಲ್ಲಗೆ ಅಡ್ಡಾಡುತ್ತಿರುವಾಗ ನೆರೆಮನೆಯಾಕೆ ಕಂಪೌಂಡಿನಾಚೆಯಿಂದ ವಿಚಾರಿಸುತ್ತಾಳೆ:

“ಅಕ್ಕೋರ, ಸಾಲಿಗೆ ಹೊಂಟಿಲ್ಲೇನ್ರಿ? ಏನಾಗೇತ್ರಿ?”

“ಏನಿಲ್ಲವ್ವಾ, ಗ್ಯಾಸಿನ ತ್ರಾಸ ಇತ್ತು. ಸಣ್ಣದೊಂದು ಆಪರೇಷನ್ ಆತು.”

“ಅಷ್ಟಕ್ಕ ತಿಂಗಳ ರಜಾನ್ರಿ?”

ಹೀಗೆ ಕೇಳಿದಾಕೆಯಲ್ಲಿ ಕುಹಕವೇನೂ ಇಲ್ಲ. ಆಕೆಯ ಕಣ್ಣಿಗೆ ಕಾಣುವುದು ನಡೆದಾಡುತ್ತಿರುವ, ಮಾತಾಡುತ್ತಿರುವ, ಬ್ಯಾಂಡೇಜಿನ ಗುರುತು ಸಹ ಇಲ್ಲದ ಒಬ್ಬ ಹೆಂಗಸು. ಇದೇ ಪ್ರಶ್ನೆಯನ್ನು ಶಾಲೆಯ ಸಹೋದ್ಯೋಗಿಗಳು ಬೆನ್ನ ಹಿಂದೆ ಕೇಳುತ್ತಾರೆ. ಮನೆಯ ಯಜಮಾನರು ಬಾಯಿ ಬಿಡದೆ ಮುಖದಲ್ಲೇ ಕೇಳುತ್ತಾರೆ. ಎಲ್ಲಕ್ಕೂ ಮಿಗಿಲಾಗಿ ರೋಗಿಯೇ ತನ್ನನ್ನು ತಾನು ಕೇಳಿಕೊಂಡು ನಾಚಿಕೊಳ್ಳುತ್ತಾಳೆ. ಆ ನಾಚಿಕೆಯಿಂದಲೇ ತಿಂಗಳ ರಜೆ ಹನ್ನೆರಡು ದಿನಕ್ಕೆ ಇಳಿಯುವುದುಂಟು. ತೊಂದರೆಗಳು ಆರಂಭವಾಗುವುದು ಅಲ್ಲಿಂದ.

ಗಾಯ ಕಾಣದಿರುವುದಕ್ಕೆ ಒಂದು ಇತಿಹಾಸವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರಿದ್ದರು. ಹೊಟ್ಟೆಯ ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳಲು ಕಷ್ಟಪಡುತ್ತಾರೆ ಎಂಬುದನ್ನು ಗಮನಿಸಿದ ಅವರು, ಆ ತೊಡಕನ್ನೇ ಔಷಧವಾಗಿಸಬಹುದಲ್ಲ ಎಂದು ಯೋಚಿಸಿ 1966ರಲ್ಲಿ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. (ನೂರು ವರ್ಷ ಬಾಳಿದ ಮೇಸನ್ 2020ರಲ್ಲಿ ತೀರಿಕೊಂಡರು.) ಅಂದಿನ ದಿನಗಳಲ್ಲಿ ಎದೆಗೂಡಿನ ಕೆಳಗಿನಿಂದ ಹೊಕ್ಕುಳಿನ ತನಕ ಹೊಟ್ಟೆಯನ್ನು ಸೀಳಬೇಕಾಗಿತ್ತು. ಅಂಥ ಗಾಯವನ್ನು ಕಂಡವರು ರಜೆಯ ಬಗೆಗೆ ತುಟಿ ಬಿಚ್ಚುತ್ತಿರಲಿಲ್ಲ. 1994ರಲ್ಲಿ ಅಲನ್ ವಿಟ್‌ಗ್ರೋವ್ ಮತ್ತು ಅವರ ಸಂಗಡಿಗರು ಅದೇ ಕೆಲಸವನ್ನು ಸಣ್ಣ ರಂಧ್ರಗಳ ಮೂಲಕ, ದುರ್ಬೀನಿನ ಸಹಾಯದಿಂದ ಮಾಡಿದ್ದನ್ನು ಪ್ರಕಟಿಸಿದರು. ಈಗ ಹೊಟ್ಟೆಯ ಮೇಲೆ ಉಳಿಯುವುದು ಐದಾರು ಗುರುತುಗಳು. ಒಂದೊಂದೂ ಕಡಲೆಕಾಳಿನಷ್ಟು, ಹೆಚ್ಚೆಂದರೆ ಅವರೆಕಾಳಿನಷ್ಟು.

ಆದರೆ ಒಳಗೆ ನಡೆದದ್ದು ಬೇರೆ. ಇಂದು ಅತಿ ಹೆಚ್ಚಾಗಿ ನಡೆಯುವ ‘ಸ್ಲೀವ್’ ಎಂಬ ಕ್ರಮದಲ್ಲಿ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ಹೊರತೆಗೆಯುತ್ತಾರೆ. ಚೀಲದಂತಿದ್ದುದು ಬಾಳೆಕಾಯಿಯ ಆಕಾರದ ಕೊಳವೆಯಾಗುತ್ತದೆ. ಕತ್ತರಿಸಿದ ಅಂಚನ್ನು ಸಣ್ಣ ಲೋಹದ ಪಿನ್ನುಗಳ ಸಾಲಿನಿಂದ ಮುಚ್ಚುತ್ತಾರೆ. ಆ ಸಾಲು ಸುಮಾರು ಒಂದು ಗೇಣುದ್ದ. ಬೈಪಾಸ್ ಕ್ರಮದಲ್ಲಿ ಜಠರದ ತುದಿಯಲ್ಲಿ ಒಂದು ಚಿಕ್ಕ ಬಟ್ಟಲಿನಷ್ಟು, ಸುಮಾರು 30 ಮಿಲಿಲೀಟರು ಹಿಡಿಸುವಷ್ಟು ಮಾತ್ರ ಉಳಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಹೊರಗೆ ಕಡಲೆಕಾಳು, ಒಳಗೆ ಗೇಣುದ್ದದ ಹೊಲಿಗೆ! ನೆರೆಯಾಕೆಗೆ ತಿಳಿಯದೆ ಹೋದದ್ದು ಇದು.

ಇನ್ನು ಆ ರಜೆಯಲ್ಲಿ ಮಾಡುವುದೇನು? ಮಲಗಿರುವುದೆಂದು ಬಹಳ ಜನ ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ದಿನಕ್ಕೆ ಒಂದೂವರೆ ಲೀಟರಾದರೂ ದ್ರವ ಒಳಗೆ ಹೋಗಬೇಕು. ಆದರೆ ಹೊಸ ಜಠರ ಲೋಟವನ್ನೆತ್ತಿ ಗಟಗಟನೆ ಕುಡಿಯಲು ಬಿಡುವುದಿಲ್ಲ. ಔಷಧಿಯ ಶೀಶೆಯೊಡನೆ ಬರುವ 30 ಮಿಲಿಲೀಟರಿನ ಬಟ್ಟಲಿನಿಂದ ಗುಟುಕು ಗುಟುಕಾಗಿ ಕುಡಿದರೆ ದಿನಕ್ಕೆ ಐವತ್ತು ಬಟ್ಟಲು. ಹದಿನೈದು ಗಂಟೆ ಎಚ್ಚರವಿದ್ದರೆ ಗಂಟೆಗೆ ಮೂರಕ್ಕಿಂತ ಹೆಚ್ಚು. ಜೊತೆಗೆ ಐದಾರು ಪುಟ್ಟ ಊಟಗಳು. ಒಂದೊಂದಕ್ಕೂ ಇಪ್ಪತ್ತು ಮೂವತ್ತು ನಿಮಿಷ. ಊಟದೊಡನೆ ನೀರು ಕೂಡದು. ಉಂಡ ಮೇಲೆ ಅರ್ಧ ಗಂಟೆ ಕಾಯಬೇಕು. ಸಾಲದ್ದಕ್ಕೆ ಹಸಿವನ್ನು ಹುಟ್ಟಿಸುವ ಹಾರ್ಮೋನಿನ ಬಹುಪಾಲನ್ನು ಸ್ರವಿಸುವ ಜಠರದ ಭಾಗವೇ ಸ್ಲೀವ್ ಕ್ರಮದಲ್ಲಿ ಹೊರಟುಹೋಗಿರುವುದರಿಂದ, ಹೊಟ್ಟೆ ‘ಹೊತ್ತಾಯಿತು’ ಎಂದು ನೆನಪಿಸುವುದಿಲ್ಲ. ಗಡಿಯಾರ ನೋಡಿ ಉಣ್ಣಬೇಕು. ಹೀಗೆ ನಲವತ್ತು ವರ್ಷಗಳ ಅಭ್ಯಾಸವನ್ನು ಬಿಟ್ಟು, ಆರು ತಿಂಗಳ ಮಗುವಿನಂತೆ ನುಂಗುವುದನ್ನು ಮೊದಲಿನಿಂದ ಕಲಿಯುವ ಕಾಲ ಅದು. ಮೂವತ್ತೈದು ಮಕ್ಕಳ ತರಗತಿಯ ಮುಂದೆ ನಿಂತು, ಗಂಟೆ ಹೊಡೆದಾಗ ಮಾತ್ರ ಬಿಡುವು ದೊರೆಯುವ ಶಿಕ್ಷಕಿಗೆ ಇದನ್ನು ಶಾಲೆಯಲ್ಲಿ ಕಲಿಯುವುದು ಸಾಧ್ಯವೇ?

ಅಡಿಗೆಮನೆಯ ಪಾಠವೂ ಹೊಸದು. ಮೊದಲ ಕೆಲವು ದಿನ ತಿಳಿನೀರು, ತಿಳಿ ಬೇಳೆಕಟ್ಟು, ಸಕ್ಕರೆ ಹಾಕದ ನೀರುಮಜ್ಜಿಗೆ. ಬಳಿಕ ಹಾಲು, ತೆಳುವಾದ ಮೊಸರು, ಸೋಸಿದ ಹೆಸರುಬೇಳೆ. ಎರಡು ಮೂರು ವಾರಗಳಾದ ಮೇಲೆ ನುಣ್ಣಗೆ ಅರೆದದ್ದು. ಅನಂತರ ಮೆತ್ತಗೆ ಬೇಯಿಸಿದ್ದು: ತಿಳುವಾದ ಜುಣಕ, ಬೆಂದ ಮೊಟ್ಟೆ, ಹಿಸುಕಿದ ಕಾಳು. ಖಡಕ್ ರೊಟ್ಟಿಗೆ ಎರಡು ತಿಂಗಳಿಗೆ ಮುಂಚೆ ಪ್ರವೇಶವಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಖಾರಕ್ಕೂ ಅಷ್ಟೆ. ಪ್ರತಿ ವೈದ್ಯರ ಪಟ್ಟಿಯಲ್ಲಿ ಒಂದೆರಡು ದಿನ ಹೆಚ್ಚುಕಡಿಮೆ ಇರುತ್ತದೆ. ತನ್ನ ವೈದ್ಯರು ಕೊಟ್ಟ ಪಟ್ಟಿಯೇ ರೋಗಿಗೆ ಪ್ರಮಾಣ. ಎಲ್ಲ ಹಂತಗಳಲ್ಲೂ ದಿನಕ್ಕೆ 60 ಗ್ರಾಮಿನಷ್ಟಾದರೂ ಪ್ರೋಟೀನು ಬೇಕು. ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಮು, ಒಂದು ಮೊಟ್ಟೆಯಲ್ಲಿ ಆರು. ಮನೆಯ ಆಹಾರದಿಂದಲೇ ಅರವತ್ತನ್ನು ಮುಟ್ಟುವುದು ಚಿಕ್ಕ ಹೊಟ್ಟೆಗೆ ಮೊದಲ ತಿಂಗಳುಗಳಲ್ಲಿ ಆಗದ ಮಾತು. ಅದಕ್ಕಾಗಿಯೇ ವೈದ್ಯರು ಪ್ರೋಟೀನಿನ ಪುಡಿಯನ್ನು ಬರೆದುಕೊಡುತ್ತಾರೆ.

ಇಷ್ಟರಲ್ಲಿ ಅತ್ತೆಯವರ ಪ್ರೀತಿ ಅಡ್ಡಬರುತ್ತದೆ. ಆಪರೇಷನ್ ಆದ ಜೀವ, ಸೊಸೆ ಸೊರಗಿದ್ದಾಳೆ. ಬಾಣಂತಿಗೆ ಮಾಡಿದಂತೆ ಅಂಟಿನ ಉಂಡೆ, ತುಪ್ಪ ಹಾಕಿದ ಸಜ್ಜಕ ಆಗಲೇಬೇಕೆಂದು ಅವರ ಹಟ. “ಒಂದ ತುತ್ತು ತಿನ್ನ ಮಗಳ, ಏನಾಗೂದುಲ್ಲ” ಎಂಬ ಮಾತಿಗೆ ಎದುರಾಡುವುದು ಯಾರಿಗೂ ಸುಲಭವಲ್ಲ. ಆದರೆ ಸಿಹಿ ಮತ್ತು ಕೊಬ್ಬು ಕೂಡಿದ ಆ ಒಂದು ತುತ್ತು, ವಿಶೇಷವಾಗಿ ಬೈಪಾಸ್ ಆದವರಲ್ಲಿ, ಕರುಳಿಗೆ ಒಮ್ಮೆಲೇ ಧುಮುಕಿ ಎದೆಬಡಿತ, ಬೆವರು, ತಲೆಸುತ್ತು, ಭೇದಿಗಳನ್ನು ತರಬಲ್ಲದು. ನೋಡಲು ಬರುವ ಬಂಧುಗಳು ತರುವ ಸೇಬು, ದ್ರಾಕ್ಷಿ, ಬಿಸ್ಕತ್ತುಗಳ ಕತೆಯೂ ಇದೇ. ಸವಣೂರಿನ ನೆಂಟರಾದರೆ ಆ ಊರಿನ ಹೆಸರಾಂತ ಖಾರದ ಪೊಟ್ಟಣವನ್ನು ಬಿಟ್ಟು ಬರುವವರಲ್ಲ! ಪೊಟ್ಟಣವನ್ನು ಮನೆಯ ಮಕ್ಕಳು ಮುಗಿಸುತ್ತಾರೆ, ನಿಜ. ಆದರೆ ಅದರ ವಾಸನೆಯಲ್ಲಿ ಕುಳಿತು ಬೇಳೆಕಟ್ಟು ಗುಟುಕರಿಸುವವಳ ಮನಸ್ಸನ್ನು ಯಾರೂ ಅರಿಯರು.

ಹೆಂಗಸರ ಪಾಲಿಗೆ ರಜೆ ಎಂಬ ಶಬ್ದದಲ್ಲಿ ಇನ್ನೊಂದು ಮೋಸವಿದೆ. ಶಾಲೆಗೆ ರಜೆ ಹಾಕಿದರೆ ಶಾಲೆಯಿಂದ ಬಿಡುಗಡೆ, ಮನೆಯಿಂದಲ್ಲ. “ಹೆಂಗೂ ಮನ್ಯಾಗ ಅದಾಳಲ್ಲ” ಎಂಬ ಒಂದು ವಾಕ್ಯದಲ್ಲಿ ಒಂದು ಮನೆಯ ಕೆಲಸವೆಲ್ಲ ಅಡಗಿದೆ. ನಾಲ್ಕರಿಂದ ಆರು ವಾರಗಳ ತನಕ ಐದಾರು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದೆಂದು ವೈದ್ಯರು ಹೇಳಿ ಕಳಿಸಿರುತ್ತಾರೆ. ತುಂಬಿದ ನೀರಿನ ಕೊಡ ಹನ್ನೆರಡು ಕಿಲೋಗೆ ಕಡಿಮೆಯಿಲ್ಲ. ಒದ್ದೆ ಬಟ್ಟೆಯ ಬಕೀಟು, ಅಕ್ಕಿಯ ಚೀಲ, ಅಳುವ ಮೊಮ್ಮಗು, ಯಾವುದೂ ಆ ಮಿತಿಯೊಳಗೆ ಬರುವುದಿಲ್ಲ. ಒಲೆಯ ಮುಂದೆ ನಿಂತು ಹತ್ತು ಜನರಿಗೆ ರೊಟ್ಟಿ ಬಡಿಯುವುದು ಹೊಟ್ಟೆಯ ಸ್ನಾಯುಗಳಿಗೆ ಭಾರ ಎತ್ತಿದಷ್ಟೇ ಶ್ರಮ. ಒಗ್ಗರಣೆಯ ಘಾಟು ಓಕರಿಕೆಗೆ ದಾರಿ. ಆದ್ದರಿಂದ ರಜೆಯ ಅರ್ಜಿಯನ್ನು ಮುಖ್ಯೋಪಾಧ್ಯಾಯರಿಗೆ ಬರೆಯುವ ದಿನವೇ ಮನೆಯೊಳಗೂ ಒಂದು ಅರ್ಜಿ ಸಲ್ಲಬೇಕು: ನೀರು ಯಾರು ತರುವುದು, ರೊಟ್ಟಿ ಯಾರು ಮಾಡುವುದು ಎಂಬುದು ಆಸ್ಪತ್ರೆಗೆ ಹೋಗುವ ಮುನ್ನವೇ ತೀರ್ಮಾನವಾಗಬೇಕು. ರೊಟ್ಟಿ ಮಾರುವ ಮನೆಗಳು ಈ ಭಾಗದ ಊರುಗಳಲ್ಲಿ ಇವೆ. ಒಂದು ತಿಂಗಳು ಅಲ್ಲಿಂದ ತರಿಸಿದರೆ ಮನೆತನದ ಮರ್ಯಾದೆಗೇನೂ ಕುಂದಿಲ್ಲ.

ಮಲಗಿಯೇ ಇರುವುದೂ ಸಲ್ಲದು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಏರುವುದು ಈ ಶಸ್ತ್ರಚಿಕಿತ್ಸೆಯ ದೊಡ್ಡ ಭಯಗಳಲ್ಲೊಂದು. ಅದಕ್ಕೆ ನಡಿಗೆಯೇ ತಡೆ. ಶಸ್ತ್ರಚಿಕಿತ್ಸೆಯಾದ ದಿನವೇ ಅಥವಾ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಮನೆಗೆ ಬಂದ ಮೇಲೂ ದಿನಕ್ಕೆ ನಾಲ್ಕಾರು ಬಾರಿ ಹತ್ತು ಹತ್ತು ನಿಮಿಷ. ಸವಣೂರಿನವರಿಗೆ ದೊಡ್ಡಹುಣಸೆಯ ಕಲ್ಮಠದ ಆವರಣ ಒಳ್ಳೆಯ ಜಾಗ. ಆಫ್ರಿಕದ ಮೂಲದ ಆ ಮಹಾವೃಕ್ಷಗಳ ಸುತ್ತಳತೆಯನ್ನು ಜನರು ದೂರದೂರದಿಂದ ಬಂದು ಮೆಚ್ಚಿ ಹೋಗುತ್ತಾರೆ; ಅವುಗಳ ನೆರಳಲ್ಲಿ ನಡೆಯುವ ಮನುಷ್ಯರ ಸುತ್ತಳತೆಗೆ ಮಾತ್ರ ಆ ಭಾಗ್ಯವಿಲ್ಲ.

ನಗೆಗೆ ಎಡೆಯಿಲ್ಲದ ಸಂಗತಿಯೊಂದಿದೆ. ಒಳಗಿನ ಗೇಣುದ್ದದ ಹೊಲಿಗೆ ಎಲ್ಲೋ ಒಂದೆಡೆ ಸೋರುವುದು ಅಪರೂಪ. ಆದರೆ ಸೋರಿದರೆ ಪ್ರಾಣಾಪಾಯ. ಹೆಚ್ಚಾಗಿ ಅದು ಮೊದಲ ಎರಡು ವಾರಗಳಲ್ಲಿ, ಅಂದರೆ ರೋಗಿ ಆಸ್ಪತ್ರೆ ಬಿಟ್ಟು ಮನೆ ಸೇರಿದ ಮೇಲೆ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಜ್ವರಕ್ಕೂ ಮುಂಚೆ ನಾಡಿ ಓಡತೊಡಗುತ್ತದೆ: ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ 120. ಹೊಟ್ಟೆಯ ನೋವು ಏರುತ್ತದೆ, ಎಡ ಭುಜಕ್ಕೆ ಹಬ್ಬಬಹುದು, ಉಸಿರು ಸಾಲದು, ಏನೋ ಸರಿಯಿಲ್ಲವೆಂಬ ಕಳವಳ. ಹಿರೇಕೆರೂರಿನ ಮನೆಯೊಂದರಲ್ಲಿ ಆರನೆಯ ದಿನದ ರಾತ್ರಿ ಹೀಗಾದರೆ? ಹೆದ್ದಾರಿಯ ಮೇಲಿರುವ ಶಿಗ್ಗಾಂವಿಯಿಂದ ಹುಬ್ಬಳ್ಳಿ ಗಂಟೆಯ ಹಾದಿ. ಹಿರೇಕೆರೂರಿನಿಂದ ಹುಬ್ಬಳ್ಳಿಯಾಗಲಿ ದಾವಣಗೆರೆಯಾಗಲಿ ಅಷ್ಟು ಬೇಗ ಕೈಗೆಟುಕುವುದಿಲ್ಲ. ಮೊದಲು ಓಡುವುದು ಹತ್ತಿರದ ಆಸ್ಪತ್ರೆಗೆ. ಅಲ್ಲಿಯ ವೈದ್ಯರು, “ಏನಾಗಿತ್ತು?” ಎಂದು ಕೇಳುತ್ತಾರೆ.

“ಗ್ಯಾಸಿನ ತ್ರಾಸ ರೀ.”

ನೆರೆಯಾಕೆಗೆ ಹೇಳಿದ ಆ ಸುಳ್ಳು ಇಷ್ಟರಲ್ಲಿ ಮನೆಯವರೆಲ್ಲರ ಬಾಯಲ್ಲಿ ಬೇರೂರಿರುತ್ತದೆ. ರೋಗಿಯನ್ನು ಕರೆತಂದ ಮೈದುನನಿಗೆ ನಿಜವೇ ತಿಳಿದಿರುವುದಿಲ್ಲ. ಗ್ಯಾಸಿಗೆ ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸಿದರೆ ಆ ವೈದ್ಯರದು ತಪ್ಪೆನ್ನಲಾಗದು. ಓಣಿಯವರಿಂದ, ಕಚೇರಿಯವರಿಂದ ಮುಚ್ಚಿಡುವುದು ಅವರವರ ಇಚ್ಛೆ. ದೇಹದ ವಿಷಯ ಊರಿಗೆ ಸಾರುವಂಥದ್ದಲ್ಲ. ಆದರೆ ಮನೆಯಲ್ಲಿ ಇಬ್ಬರಿಗೆ, ಕೆಲಸದ ಜಾಗದಲ್ಲಿ ನಂಬಿಕೆಯ ಒಬ್ಬರಿಗೆ, ಊರಿನ ವೈದ್ಯರಿಗೆ ಪೂರ್ಣ ನಿಜ ತಿಳಿದಿರಬೇಕು. ಬಿಡುಗಡೆಯ ಚೀಟಿಯ ಪ್ರತಿಯೊಂದು ದೇವರ ಗೂಡಿನ ಬಳಿಯೋ ಪರ್ಸಿನಲ್ಲೋ ಇರಬೇಕು. ದೂರದ ಊರಿನವರು ಮೊದಲ ಹತ್ತು ಹದಿನೈದು ದಿನ ಹುಬ್ಬಳ್ಳಿ ಧಾರವಾಡದ ನೆಂಟರ ಮನೆಯಲ್ಲಿ ಉಳಿಯುವುದಾದರೆ ಇನ್ನೂ ಲೇಸು.

ಸಕ್ಕರೆ ಕಾಯಿಲೆಯವರು ಇನ್ನೊಂದು ಮಾತನ್ನು ಮರೆಯಬಾರದು. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ, ತೂಕ ಇಳಿಯುವುದಕ್ಕೂ ಮುಂಚೆಯೇ, ರಕ್ತದ ಸಕ್ಕರೆ ಇಳಿಯತೊಡಗುತ್ತದೆ. ಹಳೆಯ ಪ್ರಮಾಣದಲ್ಲೇ ಗುಳಿಗೆ ಅಥವಾ ಇನ್ಸುಲಿನ್ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದೀತು. ಮೊಣಕಾಲು ನೋವಿಗೆ ಔಷಧ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಗುಳಿಗೆಗಳನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು; ಬೈಪಾಸ್ ಆದವರ ಹೊಟ್ಟೆಯಲ್ಲಿ ಅವು ಹುಣ್ಣನ್ನು ಎಬ್ಬಿಸುತ್ತವೆ. ಎಳೆಯ ವಯಸ್ಸಿನ ಸ್ತ್ರೀಯರು ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು. ಮದುವೆಗೆ ಮುಂಚೆ ಮಗಳಿಗೆ ಗುಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿ, ಬೀಗರಿಗೆ ತಿಳಿಸದೆ, ಆರು ತಿಂಗಳಲ್ಲಿ ಅಕ್ಷತೆ ಹಾಕುವ ತಂದೆತಾಯಿಗಳು ಇದನ್ನು ಎರಡು ಬಾರಿ ಓದಲಿ.

ಇನ್ನು ರಜೆಯ ಲೆಕ್ಕಾಚಾರ. ರಾಜ್ಯ ಸರ್ಕಾರದ ನೌಕರರಿಗೆ ದಾರಿ ಸುಗಮವಾಗಿದೆ. ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 20 ದಿನಗಳ ಅರ್ಧವೇತನ ರಜೆ ಖಾತೆಗೆ ಸೇರುತ್ತದೆ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಅದನ್ನು ಪರಿವರ್ತಿತ ರಜೆಯಾಗಿ ಪಡೆಯಬಹುದು: ಪೂರ್ಣವೇತನದ ಒಂದು ದಿನಕ್ಕೆ ಅರ್ಧವೇತನದ ಎರಡು ದಿನ ಕಳೆಯುತ್ತಾರೆ. ಆರು ವರ್ಷ ಸೇವೆ ಮಾಡಿ ಒಂದು ದಿನವನ್ನೂ ಮುಟ್ಟದವರಿಗೆ 120 ಅರ್ಧ ದಿನಗಳು, ಅಂದರೆ ಪೂರ್ಣವೇತನದ 60. ತಿಂಗಳ ರಜೆಗೆ ಧಾರಾಳ. ಮರಳಿ ಹಾಜರಾಗುವಾಗ ದೇಹಾರೋಗ್ಯದ ಪ್ರಮಾಣಪತ್ರ ಬೇಕು. ಆ ಕಾಗದಗಳು ರಜೆ ಮಂಜೂರು ಮಾಡುವವರು ನೋಡತಕ್ಕವು. ಚಹಾದ ವೇಳೆಯಲ್ಲಿ ಕೈಯಿಂದ ಕೈಗೆ ಹೋಗತಕ್ಕವಲ್ಲ.

ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟವರಿಗೆ, ನಿಗದಿಯಾದಷ್ಟು ದಿನಗಳ ವಂತಿಗೆ ಸಂದಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ವೇತನದ ನೂರಕ್ಕೆ 70ರಷ್ಟು ಅನಾರೋಗ್ಯ ಭತ್ಯೆಯುಂಟು. ದಿನಕ್ಕೆ 600 ರೂಪಾಯಿ ಗಳಿಸುವವರಿಗೆ 420 ರೂಪಾಯಿ. ವಿಮೆಯ ವೈದ್ಯರ ಪ್ರಮಾಣಪತ್ರವೇ ಅಲ್ಲಿ ಮುಖ್ಯವಾದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಅವರನ್ನು ಕಾಣಬೇಕು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ ದುಡಿಯುವವರಿಗೆ 1961ರ ಕರ್ನಾಟಕದ ಅಧಿನಿಯಮ ವರ್ಷಕ್ಕೆ 12 ದಿನಗಳ ಸಂಬಳಸಹಿತ ರಜೆಯನ್ನು ಅನಾರೋಗ್ಯಕ್ಕಾಗಿ ಕೊಟ್ಟಿದೆ. ಬಟ್ಟೆಯಂಗಡಿಯ ಗುಮಾಸ್ತನೊಬ್ಬ ಆ ಅಧಿನಿಯಮವನ್ನು ಯಜಮಾನರಿಗೆ ಓದಿ ಹೇಳುವ ಧೈರ್ಯ ಮಾಡುವನೇ ಎಂಬುದು ಬೇರೆ ಮಾತು. ಹನ್ನೆರಡು ದಿನ ಸಾಲದು; ಉಳಿದದ್ದನ್ನು ಗಳಿಕೆ ರಜೆಯಿಂದ ಸೇರಿಸಬೇಕು.

ಖಾಸಗಿ ಆರೋಗ್ಯ ವಿಮೆಯ ನಿಯಮಗಳನ್ನು 2019ರಲ್ಲಿ ಏಕರೂಪಗೊಳಿಸಿದಾಗ ಸ್ಥೂಲಕಾಯದ ಶಸ್ತ್ರಚಿಕಿತ್ಸೆಗೆ ಷರತ್ತುಗಳನ್ನು ಸ್ಪಷ್ಟಪಡಿಸಲಾಯಿತು. ದೇಹತೂಕದ ಸೂಚ್ಯಂಕ 40 ಅಥವಾ ಹೆಚ್ಚು ಇರಬೇಕು. ಇಲ್ಲವೆ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ರೆಯಲ್ಲಿ ತೀವ್ರವಾಗಿ ಉಸಿರುಗಟ್ಟುವಿಕೆ ಮೊದಲಾದ ತೊಡಕು ಇದ್ದು, ಬೇರೆ ಉಪಾಯಗಳು ಸೋತಿರಬೇಕು. 157 ಸೆಂಟಿಮೀಟರು ಎತ್ತರದವರಿಗೆ 40 ಎಂದರೆ ಸುಮಾರು 99 ಕಿಲೋ, 35 ಎಂದರೆ 86. ಅಂಥ ವಿಮೆ ತೆರುವುದು ಆಸ್ಪತ್ರೆಯ ಖರ್ಚನ್ನು; ದುಡಿಯದ ದಿನಗಳ ಸಂಬಳವನ್ನಲ್ಲ.

ಈ ಯಾವ ಪಟ್ಟಿಯಲ್ಲೂ ಬಾರದವರ ಪಾಡೇನು? ಹಿರೇಕೆರೂರಿನ ಕಾಳುಕಡಿ ವ್ಯಾಪಾರಿಗೆ, ಸವಣೂರಿನ ಎಲೆಯ ದಲಾಲಿಗೆ, ಶಿಗ್ಗಾಂವಿಯ ಹೊಲಿಗೆಯಾತನಿಗೆ ರಜೆ ಎಂದರೆ ಮುಚ್ಚಿದ ಬಾಗಿಲು. ಹೊಲಿಗೆಯಾತ ಎರಡು ಮೂರು ವಾರಗಳಲ್ಲಿ ಯಂತ್ರದ ಮುಂದೆ ಕೂರಬಹುದು. ಮೆಕ್ಕೆಜೋಳದ ಐವತ್ತು ಕಿಲೋ ಚೀಲವನ್ನು ಸರಿಸುವ ವ್ಯಾಪಾರಿಗೆ ಆರು ವಾರವೂ ಕಡಿಮೆಯೇ. ಗಡಿಬಿಡಿ ಮಾಡಿದರೆ ರಂಧ್ರದ ಜಾಗದಲ್ಲಿ ಕರುಳು ಉಬ್ಬಿ ಇನ್ನೊಂದು ಶಸ್ತ್ರಚಿಕಿತ್ಸೆಗೆ, ಇನ್ನೊಂದು ಬಾಗಿಲು ಮುಚ್ಚುವಿಕೆಗೆ ದಾರಿಯಾದೀತು. ಇಂಥವರು ಆಸ್ಪತ್ರೆಯ ಖರ್ಚನ್ನು ಕೂಡಿಸುವಾಗಲೇ ಒಂದೂವರೆ ತಿಂಗಳ ಮನೆಖರ್ಚನ್ನೂ ಕೂಡಿಸಬೇಕು. ಅದು ಕೈಯಲ್ಲಿಲ್ಲವೆಂದಾದರೆ, ತುರ್ತಿಲ್ಲದಿದ್ದಲ್ಲಿ, ವೈದ್ಯರೊಡನೆ ಮಾತಾಡಿ ಶಸ್ತ್ರಚಿಕಿತ್ಸೆಯನ್ನೇ ಮುಂದಿನ ಸುಗ್ಗಿಯ ಆಚೆಗೆ ತಳ್ಳುವುದು ವಿವೇಕ. ಅರ್ಧ ರಜೆಯಲ್ಲಿ ಪೂರ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದಕ್ಕಿಂತ ಕಾಯುವುದು ಮೇಲು.

ಯಾವ ಕಾಲದಲ್ಲಿ? ಶಿಕ್ಷಕರಿಗೆ ಬೇಸಿಗೆಯ ರಜೆ ಕಣ್ಣಿಗೆ ಕಟ್ಟುತ್ತದೆ: ಯಾರಿಗೂ ಉತ್ತರ ಹೇಳಬೇಕಿಲ್ಲ, ಖಾತೆಯಿಂದ ದಿನ ಕಳೆಯುವುದಿಲ್ಲ. ಆದರೆ ಗುಟುಕು ಗುಟುಕಾಗಿ ಕುಡಿಯಬಲ್ಲವರಿಗೆ ಏಪ್ರಿಲ್ ಮೇ ತಿಂಗಳ ಈ ಬಯಲುಸೀಮೆಯ ಬಿಸಿಲು ವೈರಿ. ಮೈಯಲ್ಲಿ ನೀರಾರಿ ಮತ್ತೆ ಆಸ್ಪತ್ರೆ ಸೇರುವುದು ಈ ರೋಗಿಗಳಲ್ಲಿ ಸಾಮಾನ್ಯವಾದ ತೊಡಕು. ಮೂತ್ರ ಗಾಢ ಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ತಡಮಾಡಬಾರದು. ಮೇಲಾಗಿ ಅದು ಮದುವೆಗಳ ಕಾಲ, ಹಾನಗಲ್ಲಿನಲ್ಲಿ ಮಾವಿನ ಕಾಲ. ಬೀಗರ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ಎರಡು ಚಮಚೆ ಮೊಸರಿಗೆ ಏಳುವವರನ್ನು ಯಾರು ಬಿಟ್ಟಾರು? ದಸರೆಯ ರಜೆಗೆ ಎರಡು ವಾರ ವೈದ್ಯಕೀಯ ರಜೆ ಕೂಡಿಸಿಕೊಂಡರೆ ಹವೆಯೂ ಹಿತ, ಹಬ್ಬದ ಸಿಹಿಯೊಂದನ್ನು ಗೆದ್ದರಾಯಿತು.

ಕುಳಿತು ಮಾಡುವ ಕೆಲಸದವರು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಮರಳಬಹುದು. ನಿಂತು ಪಾಠ ಹೇಳುವವರು ನಾಲ್ಕನ್ನು ಇಟ್ಟುಕೊಳ್ಳುವುದು ಲೇಸು. ಬಸ್ಸಿನ ಕಂಡಕ್ಟರಂತೆ ದಿನವಿಡೀ ಓಲಾಡುತ್ತ ನಿಲ್ಲುವವರು ಇನ್ನೂ ಹೆಚ್ಚು. ಮರಳಿದ ಮೇಲೂ ಆಯಾಸ ಬಿಡುವುದಿಲ್ಲ. ಹಿಂದೆ ಎರಡು ಸಾವಿರ ಕ್ಯಾಲೊರಿಯಲ್ಲಿ ನಡೆಯುತ್ತಿದ್ದ ದೇಹ ಈಗ ಅದರ ಮೂರರಲ್ಲೊಂದು ಪಾಲಿನಲ್ಲಿ ನಡೆಯುತ್ತಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಸೀಮೆಸುಣ್ಣವೂ ಭಾರವೆನ್ನಿಸೀತು. ಮೂರನೆಯ ತಿಂಗಳ ಸುಮಾರಿಗೆ, ಎಲ್ಲವೂ ಸರಿಹೋಯಿತೆನ್ನುವಾಗ, ಬಾಚಣಿಗೆಯ ತುಂಬ ಕೂದಲು ಬರುತ್ತದೆ. ಅದು ಹಲವರಲ್ಲಿ ಕಾಣುವ, ಕೆಲವು ತಿಂಗಳಲ್ಲಿ ನಿಲ್ಲುವ ಸಂಗತಿ; ಪ್ರೋಟೀನು, ಕಬ್ಬಿಣಗಳನ್ನು ಬಿಡದಿದ್ದರೆ ಮರಳಿ ಬೆಳೆಯುತ್ತದೆ. ವಿಟಮಿನ್ನುಗಳ ಗುಳಿಗೆ, ಸುಣ್ಣಾಂಶ, ಬಿ12 ಬದುಕಿನುದ್ದಕ್ಕೂ ಬೇಕು. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ನಿಂಬೆಹಣ್ಣು ಮೂಸುತ್ತ ಕೂಡದೆ ವೈದ್ಯರಲ್ಲಿಗೆ ಹೋಗಬೇಕು. ಬಿ1 ವಿಟಮಿನ್ ತೀರಿಹೋದರೆ ನರಗಳಿಗೆ ಆಗುವ ಪೆಟ್ಟು ಸರಿಪಡಿಸಲಾಗದ್ದು.

ಆದ್ದರಿಂದ ಖಾತೆಯ ರಜೆಯನ್ನೆಲ್ಲ ಮೊದಲ ತಿಂಗಳಲ್ಲೇ ಬರಿದು ಮಾಡಬಾರದು. ಒಂದನೆಯ, ಮೂರನೆಯ, ಆರನೆಯ, ಹನ್ನೆರಡನೆಯ ತಿಂಗಳ ತಪಾಸಣೆಗೆ ಹುಬ್ಬಳ್ಳಿಗೆ ಹೋಗಿಬರುವ ನಾಲ್ಕು ದಿನಗಳನ್ನಾದರೂ ಉಳಿಸಿಕೊಳ್ಳಬೇಕು. ಹಾನಗಲ್ಲಿನ ಶಿಕ್ಷಕಿ ಮರಳುವ ದಿನವನ್ನು ಸೋಮವಾರಕ್ಕೆ ಇಟ್ಟುಕೊಳ್ಳದೆ ಗುರುವಾರಕ್ಕೆ ಇಟ್ಟುಕೊಳ್ಳಲಿ. ಚೀಲದಲ್ಲಿ ನೀರಿನ ಬಾಟಲಿ, 30 ಮಿಲಿಲೀಟರಿನ ಬಟ್ಟಲು, ಮೊಸರಿನ ಚಿಕ್ಕ ಡಬ್ಬಿ. ಪ್ರತಿ ಪಾಠದ ನಡುವೆ ಎರಡು ಗುಟುಕಿಗೆ ಮುಖ್ಯೋಪಾಧ್ಯಾಯರ ಒಪ್ಪಿಗೆ. ಗುರುವಾರ, ಶುಕ್ರವಾರ, ಅರ್ಧ ದಿನದ ಶನಿವಾರ. ಅಷ್ಟರಲ್ಲಿ ಭಾನುವಾರ ಬಂದೇ ಬಿಡುತ್ತದೆ.